ಆನ್ ಮಾರ್ಬರಿಯ ತವರು

ಇಂಗ್ಲೆಂಡಿನ ಪೂರ್ವ ಕರಾವಳಿಗೆ ಸಮೀಪದಲ್ಲಿ, ಲಿಂಕನ್‌ಷೈರ್ ಸೀಮೆಯೊಳಗೆ, ಆಲ್ಫರ್ಡ್ ಎಂಬ ಸಂತೆಯೂರೊಂದಿದೆ. ಅಲ್ಲಿಯ ಸಂತ ವಿಲ್ಫ್ರಿಡ್‌ನ ಹೆಸರಿನ ಇಗರ್ಜಿಯಲ್ಲಿ 1591ರ ಜುಲೈ 20ರಂದು ಒಂದು ಹೆಣ್ಣುಕೂಸಿಗೆ ದೀಕ್ಷಾಸ್ನಾನವಾಯಿತು. ಆ ಕೂಸಿಗೆ ಆನ್ ಎಂದು ಹೆಸರಿಟ್ಟರು. ಫ್ರಾನ್ಸಿಸ್ ಮಾರ್ಬರಿಯ ಮಗಳೆಂದು ಊರ ದಾಖಲೆಯಲ್ಲಿ ಬರೆದುಕೊಂಡರು. ಆಕೆ ಯಾವ ದಿನ ಹುಟ್ಟಿದಳೆಂಬುದು ಆ ಪುಸ್ತಕಕ್ಕೆ ಬೇಕಾಗಿರಲಿಲ್ಲ. ಹಡೆದ ತಾಯಿಯ ಹೆಸರನ್ನು ನಮೂದಿಸಬೇಕೆಂಬ ಕಟ್ಟಳೆಯೂ ಅಂದಿಗೆ ಇರಲಿಲ್ಲ. ಆತ್ಮವು ದೇವರ ಸಭೆಗೆ ಸೇರಿದ ದಿನವೇ ಲೆಕ್ಕಕ್ಕೆ ಬರುವ ದಿನವೆಂದು ಭಾವಿಸಿದ್ದ ಆ ಲೋಕದಲ್ಲಿ, ನಾಲ್ಕಾರು ಪದಗಳ ಆ ಸಾಲಿನಿಂದ ಮೊದಲುಗೊಂಡು, ಐವತ್ತೆರಡು ವರ್ಷಗಳ ಅನಂತರ ಅಟ್ಲಾಂಟಿಕ್ ಸಾಗರದ ಆಚೆಯ ಅರಣ್ಯದಂಚಿನಲ್ಲಿ ಅಂತ್ಯಗೊಂಡ ಬಾಳೊಂದರ ಬೇರುಗಳನ್ನು ಹುಡುಕಿ ಹೊರಟವನಿಗೆ, ಮೊದಲ ಹೆಜ್ಜೆಯಲ್ಲಿಯೇ ಎದುರಾಗುವ ತೊಡಕು ಆಕೆಯ ಹೆಸರಿನದೇ ಆಗಿದೆ.

ಏಕೆಂದರೆ ಚರಿತ್ರೆ ಆಕೆಯನ್ನು ಬಲ್ಲುದು ಆನ್ ಹಚಿನ್ಸನ್ ಎಂದು. 1612ರ ಆಗಸ್ಟ್ 9ರಂದು ಲಂಡನ್ನಿನ ಸೇಂಟ್ ಮೇರಿ ವೂಲ್ನಾತ್ ಇಗರ್ಜಿಯಲ್ಲಿ ಆಲ್ಫರ್ಡಿನ ಜವಳಿ ವ್ಯಾಪಾರಿ ವಿಲಿಯಂ ಹಚಿನ್ಸನ್ನನ ಕೈಹಿಡಿದ ಗಳಿಗೆಯಿಂದ ಮಾರ್ಬರಿ ಎಂಬ ಹೆಸರು ಆಕೆಯನ್ನು ಬಿಟ್ಟು ಹೋಯಿತು. ಆ ದೇಶದ ಪದ್ಧತಿಯಲ್ಲಿ ಗಂಡಸಿನ ಹೆಸರು ಹುಟ್ಟಿನಿಂದ ಸಾವಿನ ತನಕ ಒಂದೇ ನೂಲಾಗಿ ಹರಿಯುತ್ತದೆ. ಹೆಂಗಸಿನ ನೂಲು ಮದುವೆಯ ದಿನ ಕಡಿದು, ಬೇರೊಂದು ಬಣ್ಣದಲ್ಲಿ ಮತ್ತೆ ತೊಡಗುತ್ತದೆ. ಆ ಕಡಿದ ಜಾಗದಲ್ಲಿ ಗಂಟು ಹಾಕಬಲ್ಲ ಸಾಕ್ಷ್ಯ ಒಂದೇ: ವಿವಾಹದ ನಮೂದು. ಅದು ಹುಳು ತಿಂದು ಹೋಗಿದ್ದರೆ, ಬೆಂಕಿಗೆ ಆಹುತಿಯಾಗಿದ್ದರೆ, ತವರೆಂಬುದು ಶಾಶ್ವತವಾಗಿ ಕತ್ತಲೆಗೆ ಸಂದಂತೆಯೇ. ಸಾಗರ ದಾಟಿ ನ್ಯೂ ಇಂಗ್ಲೆಂಡಿಗೆ ಹೋದ ಸಾವಿರಾರು ಪ್ಯೂರಿಟನ್ ಹೆಂಗಸರಲ್ಲಿ ಅನೇಕರು ಇಂದಿಗೂ ವಂಶಾವಳಿಗಳಲ್ಲಿ ಕೇವಲ ಮೇರಿ, ಕೇವಲ ಎಲಿಜಬೆತ್ ಆಗಿ ನಿಂತಿದ್ದಾರೆ. ಹಿಂದೆ ತಂದೆಯಿಲ್ಲ, ತಾಯಿಯಿಲ್ಲ, ಊರಿಲ್ಲ. ಆನ್‌ಳ ವಿಷಯದಲ್ಲಿ ಆ ಗಂಟು ಉಳಿಯಿತು.

ಅದನ್ನು ಉಳಿಸಿದ ಏರ್ಪಾಡಿನ ವಿಷಯವನ್ನು ಸ್ವಲ್ಪ ಹೇಳಬೇಕು. 1538ರಲ್ಲಿ ಎಂಟನೆಯ ಹೆನ್ರಿ ದೊರೆಯ ಮಂತ್ರಿಯಾಗಿದ್ದ ಥಾಮಸ್ ಕ್ರಾಮ್ವೆಲ್ಲನು, ಪ್ರತಿಯೊಂದು ಪ್ಯಾರಿಷ್‌ನ ಪಾದ್ರಿಯೂ ತನ್ನ ಊರಿನ ದೀಕ್ಷಾಸ್ನಾನ, ವಿವಾಹ, ಭೂಸ್ಥಾಪನೆಗಳನ್ನು ಒಂದು ಪುಸ್ತಕದಲ್ಲಿ ಬರೆದಿಡತಕ್ಕದ್ದೆಂದು ಆಜ್ಞೆ ಹೊರಡಿಸಿದನು. ಹುಟ್ಟಿಗೂ ಮದುವೆಗೂ ತೆರಿಗೆ ಹಾಕುವ ಹಂಚಿಕೆಯಿದೆಂದು ಹೆದರಿದ ಜನ ಗೊಣಗಿದರೂ ಪುಸ್ತಕಗಳು ಉಳಿದುವು. ಆದರೆ ಮೊದಮೊದಲಿನವು ಬಿಡಿ ಕಾಗದದವು, ಬೇಗ ಜೀರ್ಣವಾಗತಕ್ಕವು. ಆದಕಾರಣ ಎಲಿಜಬೆತ್ ರಾಣಿಯ ಕಾಲದಲ್ಲಿ, 1598ರ ವೇಳೆಗೆ, ಹಳೆಯ ನಮೂದುಗಳನ್ನೆಲ್ಲ ಚರ್ಮದ ಹಾಳೆಗಳ ಮೇಲೆ, ವಿಶೇಷವಾಗಿ ಆಕೆ ಪಟ್ಟವೇರಿದ 1558ರಿಂದ ಮುಂದಿನವನ್ನು, ನಕಲು ಮಾಡಿಡಬೇಕೆಂಬ ಕಟ್ಟಳೆಯಾಯಿತು. ಆದ್ದರಿಂದ ಆ ಕಾಲದ ನಮೂದೊಂದನ್ನು ಓದುವವನು, ತಾನು ಓದುತ್ತಿರುವುದು ಅಂದಿನ ಪಾದ್ರಿಯ ಕೈಬರಹವೋ, ವರ್ಷಗಳ ತರುವಾಯ ಯಾವನೋ ಬರವಣಿಗೆಯವನು ಮಾಡಿದ ಪ್ರತಿಯೋ ಎಂಬುದನ್ನು ಸದಾ ನೆನಪಿನಲ್ಲಿಟ್ಟುಕೊಳ್ಳಬೇಕಾಗುತ್ತದೆ.

ಹೀಗೆ ಹಾಳೆಯಿಂದ ಹಾಳೆಗೆ ಕಣ್ಣು ಸೋಲುವಂತೆ ಓದುತ್ತ ಹೋದ ಮಹನೀಯನೊಬ್ಬನಿದ್ದ. ಅಮೆರಿಕದಿಂದ 1858ರಲ್ಲಿ ಲಂಡನ್ನಿಗೆ ಬಂದು ಅಲ್ಲಿಯೇ ನೆಲಸಿದ ಜೋಸೆಫ್ ಲೆಮ್ಯುಯೆಲ್ ಚೆಸ್ಟರ್ ಎಂಬಾತನು, ಸಮುದ್ರ ದಾಟಿದ ಕುಟುಂಬಗಳ ಮೂಲವನ್ನು ಇಂಗ್ಲೆಂಡಿನ ಇಗರ್ಜಿಗಳ ಪೆಟ್ಟಿಗೆಗಳಲ್ಲಿಯೂ ಉಯಿಲುಗಳ ಕಚೇರಿಗಳಲ್ಲಿಯೂ ಹುಡುಕುವುದನ್ನೇ ತನ್ನ ಜೀವಿತದ ತಪಸ್ಸನ್ನಾಗಿ ಮಾಡಿಕೊಂಡನು. ಹಚಿನ್ಸನ್ನರಿಗೂ ಮಾರ್ಬರಿಗಳಿಗೂ ಆನ್‌ಳ ತಾಯಿಯ ಮನೆತನದವರಾದ ಡ್ರೈಡನ್ನರಿಗೂ ಇದ್ದ ಬಾಂಧವ್ಯವನ್ನು ಆತನು 1866ರಲ್ಲಿ, ಬಾಸ್ಟನ್ನಿನ ವಂಶಚರಿತ್ರೆಯ ಸಂಘದ ಪತ್ರಿಕೆಯಲ್ಲಿ, ದಾಖಲೆಗಳ ಬಲದಿಂದ ನಿರೂಪಿಸಿದನು. 1882ರಲ್ಲಿ ಆತ ತೀರಿಕೊಂಡಾಗ, ವೆಸ್ಟ್‌ಮಿನ್‌ಸ್ಟರ್ ಅಬ್ಬೆಯ ದಾಖಲೆಗಳನ್ನು ಶೋಧಿಸಿ ಅಚ್ಚು ಹಾಕಿಸಿದ ಆತನ ಹೆಸರಿನ ಫಲಕವನ್ನು ಅದೇ ಅಬ್ಬೆಯಲ್ಲಿ ನಿಲ್ಲಿಸಿದರು. ಸತ್ತವರ ಹೆಸರುಗಳಿಗೆ ಇಷ್ಟು ವಿಧೇಯನಾಗಿ ದುಡಿದವನಿಗೆ ಸಂದ ಆ ಗೌರವವನ್ನು ನೆನೆದಾಗಲೆಲ್ಲ ನನಗೆ ಸಂತೋಷವಾಗುತ್ತದೆ.

ಇಂಥ ಶೋಧಕರನ್ನು ಎಡವಿಸುವ ಒಂದು ಸೂಕ್ಷ್ಮವನ್ನು ಇಲ್ಲಿಯೇ ತೋರಿಸಿಬಿಡುತ್ತೇನೆ. 1752ರವರೆಗೆ ಇಂಗ್ಲೆಂಡಿನ ಲೆಕ್ಕದಲ್ಲಿ ಹೊಸ ವರ್ಷ ಹುಟ್ಟುತ್ತಿದ್ದುದು ಮಾರ್ಚ್ 25ಕ್ಕೆ. ಮುಂದೆ ಹೇಳಲಿರುವಂತೆ, ಅಮೆರಿಕದಲ್ಲಿ ಆನ್‌ಳನ್ನು ಸರ್ಕಾರದ ನ್ಯಾಯಸಭೆ ವಿಚಾರಿಸಿ ಗಡೀಪಾರು ಮಾಡಿದ್ದು 1637ರ ನವೆಂಬರಿನಲ್ಲಿ. ಧರ್ಮಸಭೆ ವಿಚಾರಿಸಿ ಬಹಿಷ್ಕರಿಸಿದ್ದು ಅದಾದ ನಾಲ್ಕು ತಿಂಗಳಿಗೆ, ಮಾರ್ಚ್ 15 ಮತ್ತು 22ರಂದು. ಆದರೆ ಆ ದಿನಗಳಲ್ಲಿ ಹೊಸ ವರ್ಷ ಇನ್ನೂ ಹುಟ್ಟಿರಲಿಲ್ಲವಾದುದರಿಂದ ಹಳೆಯ ಲೆಕ್ಕಕ್ಕೆ ಅದೂ 1637ರ ಮಾರ್ಚಿಯೇ. ಈ ಸಂಗತಿಯನ್ನು ಅರಿಯದವನು ಬಹಿಷ್ಕಾರವೇ ಮೊದಲು, ಗಡೀಪಾರು ಆಮೇಲೆ ಎಂದು ಬರೆದು, ಕಾರಣವನ್ನು ಕಾರ್ಯವಾಗಿಯೂ ಕಾರ್ಯವನ್ನು ಕಾರಣವಾಗಿಯೂ ತಲೆಕೆಳಗು ಮಾಡಿಬಿಡುತ್ತಾನೆ.

ತಂದೆಯ ಕಥೆಗೆ ಬರೋಣ. ಫ್ರಾನ್ಸಿಸ್ ಮಾರ್ಬರಿ ಕೇಂಬ್ರಿಜ್‌ನಲ್ಲಿ ಓದಿ ಇಂಗ್ಲೆಂಡಿನ ರಾಜಧರ್ಮಸಭೆಯಲ್ಲಿ ದೀಕ್ಷೆ ಪಡೆದವನು. ಆ ಸಭೆಯೊಳಗಿದ್ದುಕೊಂಡೇ, ಅದರ ಬಿಷಪ್ಪರು ಓದುಬರಹ ಸಾಲದ, ಉಪದೇಶ ಮಾಡಲು ಬಾರದ ಜನರನ್ನು ಊರೂರಿಗೆ ಪಾದ್ರಿಗಳನ್ನಾಗಿ ನೇಮಿಸುತ್ತಿದ್ದಾರೆಂದು ಆತನು ಬಹಿರಂಗವಾಗಿ ಸಾರಿದನು. 1578ರ ನವೆಂಬರಿನಲ್ಲಿ ಲಂಡನ್ನಿನ ಸಂತ ಪೌಲನ ಮಹಾದೇವಾಲಯದಲ್ಲಿ, ಬಿಷಪ್ ಜಾನ್ ಎಲ್ಮರ್‌ನ ಮುಂದೆ ಆತನ ವಿಚಾರಣೆ ನಡೆಯಿತು. ವಯಸ್ಸು ಇಪ್ಪತ್ಮೂರರ ಆಸುಪಾಸು. ಅಯೋಗ್ಯರನ್ನು ನೇಮಿಸುವ ಬಿಷಪ್ಪನು, ಉಪದೇಶವಿಲ್ಲದೆ ನಾಶವಾಗುವ ಆತ್ಮಗಳ ಹತ್ಯೆಗೆ ಹೊಣೆಗಾರನೆಂದು ಆ ತರುಣನು ಬಿಷಪ್ಪನ ಮುಖಕ್ಕೇ ಹೇಳಿದನು; ಬಿಷಪ್ಪನು ಕೆರಳಿ ಆತನನ್ನು ಕತ್ತೆಯೆಂದೂ ಮೂಢನೆಂದೂ ಬೈದು, ಮಾರ್ಷಲ್ಸೀ ಸೆರೆಮನೆಗೆ ಕಳುಹಿಸಿದನು. ಈ ಸಂವಾದ ನಮಗೆ ಗೊತ್ತಾದುದು ಹೇಗೆ? ಮಾರ್ಬರಿ ತಾನೇ ಅದನ್ನು ನೆನಪಿನಿಂದ, ಪ್ರಶ್ನೆಗೊಂದು ಉತ್ತರವಾಗಿ, ನಾಟಕದ ಮಾತುಕತೆಯಂತೆ ಬರೆದಿಟ್ಟದ್ದರಿಂದ. ಅದರಲ್ಲಿ ಬಿಷಪ್ಪನು ಸಿಟ್ಟಿಗೇಳುತ್ತಾನೆ, ಕೈದಿಯು ತರ್ಕದ ಎಳೆಯನ್ನು ಬಿಡುವುದಿಲ್ಲ. ಪ್ರತಿ ಮಾತಿಗೂ ಎದುರುಮಾತು, ಪ್ರತಿ ಬೆದರಿಕೆಗೂ ಒಂದು ಶಾಸ್ತ್ರವಚನ.

ಬಿಡುಗಡೆಯ ಅನಂತರ ಆತನು ಆಲ್ಫರ್ಡಿಗೆ ಬಂದು ಉಪಪಾದ್ರಿಯೂ ಅಲ್ಲಿಯ ಶಾಲೆಯ ಉಪಾಧ್ಯಾಯನೂ ಆದನು. ಮೊದಲ ಹೆಂಡತಿ ತೀರಿದ ಮೇಲೆ ಬ್ರಿಜೆಟ್ ಡ್ರೈಡನ್ನಳನ್ನು ವರಿಸಿದನು. 1590ರ ಹೊತ್ತಿಗೆ ಮತ್ತೆ ಅಧಿಕಾರಿಗಳ ಕಣ್ಣು ಬಿದ್ದು, ಉಪದೇಶ ಮಾಡುವ ಹಕ್ಕನ್ನೂ ಜೀವನದ ಆಧಾರವನ್ನೂ ಕಳೆದುಕೊಂಡು ಮನೆಯಲ್ಲಿ ಕುಳಿತಿದ್ದ ಕಾಲದಲ್ಲಿಯೇ ಆನ್ ಹುಟ್ಟಿದ್ದು. ಇಗರ್ಜಿಯ ವೇದಿಕೆ ಮುಚ್ಚಿಹೋದ ಆ ಉಪಾಧ್ಯಾಯನಿಗೆ ಮನೆಯ ಮಕ್ಕಳೇ ಸಭೆಯಾದರೆಂದು ಊಹಿಸುವುದು ತಪ್ಪಾಗಲಾರದು. ಹೆಣ್ಣುಮಕ್ಕಳಿಗೆ ಶಾಲೆಯಿಲ್ಲದ ದಿನಗಳಲ್ಲಿ ಆಕೆ ಬೈಬಲ್ಲಿನ ಅಧ್ಯಾಯ ವಚನಗಳನ್ನು ನಾಲಗೆಯ ತುದಿಯಲ್ಲಿಟ್ಟುಕೊಂಡು ಬೆಳೆದಳು. ಬರೆಯಲು, ಓದಲು, ಎಲ್ಲಕ್ಕಿಂತ ಮಿಗಿಲಾಗಿ ವಾದಿಸಲು ಕಲಿತಳು.

ಕಾಲಾಂತರದಲ್ಲಿ ಮಾರ್ಬರಿ ಮೆದುವಾದನೆಂದೇ ಹೇಳಬೇಕು. 1605ರಲ್ಲಿ ಲಂಡನ್ನಿನ ಸೇಂಟ್ ಮಾರ್ಟಿನ್ ವಿಂಟ್ರಿ ಇಗರ್ಜಿಯ ಪಾದ್ರಿಯಾಗಿ ಸಂಸಾರ ಸಹಿತ ರಾಜಧಾನಿಗೆ ಹೋದನು. ಮುಂದೆ ಸೇಂಟ್ ಪಾಂಕ್ರಸ್ ಸೋಪರ್ ಲೇನ್, ಸೇಂಟ್ ಮಾರ್ಗರೆಟ್ ನ್ಯೂ ಫಿಶ್ ಸ್ಟ್ರೀಟ್ ಇಗರ್ಜಿಗಳೂ ಆತನಿಗೆ ದೊರೆತುವು. 1666ರ ಮಹಾ ಅಗ್ನಿಯಲ್ಲಿ ಈ ಮೂರೂ ಸುಟ್ಟುಹೋದುವು, ಮೂರರಲ್ಲಿ ಒಂದನ್ನೂ ಮತ್ತೆ ಕಟ್ಟಲಿಲ್ಲ. ಸೇಂಟ್ ಮಾರ್ಗರೆಟ್ ಇದ್ದ ನೆಲದ ಮೇಲೆಯೇ ಆ ಬೆಂಕಿಯ ಸ್ಮಾರಕಸ್ತಂಭ ಎದ್ದು ನಿಂತಿದೆ. ಇಂದು ಅದರ ಮೆಟ್ಟಿಲುಗಳನ್ನೇರಿ ಥೇಮ್ಸ್ ನದಿಯನ್ನು ನೋಡುವ ಪ್ರವಾಸಿಗರ ಕಾಲಕೆಳಗೆ ಮಾರ್ಬರಿ ಉಪದೇಶ ಮಾಡಿದ ನೆಲವಿದೆ. ಮಗಳ ಮದುವೆಯಾದ ಸೇಂಟ್ ಮೇರಿ ವೂಲ್ನಾತ್ ಮಾತ್ರ, ಮುಂದಿನ ಶತಮಾನದಲ್ಲಿ ಹೊಸ ಕಟ್ಟಡವಾಗಿ, ಹಳೆಯ ಸ್ಥಳದಲ್ಲಿಯೇ ಉಳಿದುಕೊಂಡಿದೆ.

ಆತ ಮಡಿದುದು 1611ರ ಪ್ರಾರಂಭದಲ್ಲಿ. ಸಾಯುವ ಮುನ್ನ ಬರೆದ ಉಯಿಲಿನಲ್ಲಿ ಜೀವಂತರಾಗಿದ್ದ ಹನ್ನೆರಡು ಮಕ್ಕಳಿಗೂ ತಲಾ 200 ಮಾರ್ಕ್ ಬಿಟ್ಟನು. ಮಾರ್ಕ್ ಎಂಬುದು ನಾಣ್ಯವಲ್ಲ, ಹದಿಮೂರು ಶಿಲ್ಲಿಂಗ್ ನಾಲ್ಕು ಪೆನ್ಸಿಗೆ ಸಮವಾದ ಲೆಕ್ಕದ ಮಾನ. ಎಂದರೆ ಒಬ್ಬೊಬ್ಬರಿಗೆ ನೂರ ಮೂವತ್ತಮೂರು ಪೌಂಡಿಗೆ ಸ್ವಲ್ಪ ಮೇಲೆ. ಅಂಥ ದೊಡ್ಡ ಸಂಸಾರದ ಪಾದ್ರಿಯೊಬ್ಬನಿಗೆ ಅದು ಚಿಕ್ಕ ಮೊತ್ತವಲ್ಲ. ಆದರೆ ಮಗಳು ತವರಿನಿಂದ ಸಾಗರದಾಚೆಗೆ ಒಯ್ದ ಆಸ್ತಿ ಆ ಹಣವಲ್ಲ, 1578ರ ಆ ಸಂವಾದದ ಹಾಳೆಗಳೆಂದು ನಾನು ತಿಳಿಯುತ್ತೇನೆ.

ತಾಯಿಯ ಕಡೆಯೂ ಇದೇ ಧಾತು. ನಾರ್ತಾಂಪ್ಟನ್‌ಷೈರಿನ ಕ್ಯಾನನ್ಸ್ ಆಶ್‌ಬಿಯಲ್ಲಿ, ಹೆನ್ರಿ ದೊರೆ ಮುಚ್ಚಿಸಿದ ಮಠವೊಂದರ ಆಸ್ತಿಯನ್ನು ಸರ್ ಜಾನ್ ಕೋಪ್ ಎಂಬಾತ ಕೊಂಡುಕೊಂಡನು. ಆತನ ಮಗಳು ಎಲಿಜಬೆತ್ತಳನ್ನು ಮದುವೆಯಾದ ಜಾನ್ ಡ್ರೈಡನ್ ಅಲ್ಲಿಯ ತೋಟದ ಮನೆಯನ್ನು ವಿಸ್ತರಿಸಿ ಕಟ್ಟಿದನು. ಇಂದಿಗೂ ಆ ಮನೆ ನಿಂತಿದೆ, ಸಂದರ್ಶಕರು ನೋಡಬಹುದು. ಬ್ರಿಜೆಟ್ ಆ ದಂಪತಿಗಳ ಮಗಳು. ಕೋಪ್ ಕುಲದ ಆಂಟನಿ ಕೋಪನು 1587ರ ಪಾರ್ಲಿಮೆಂಟಿನಲ್ಲಿ ಧರ್ಮಸಭೆಯ ವ್ಯವಸ್ಥೆಯನ್ನೇ ಬುಡಮೇಲು ಮಾಡುವ ಪ್ಯೂರಿಟನ್ ಮಸೂದೆಯನ್ನು ಮುಂದಿಟ್ಟು ಲಂಡನ್ ಗೋಪುರದ ಸೆರೆಯನ್ನು ಕಂಡನು. ಬ್ರಿಜೆಟ್ಟಳ ಅಣ್ಣತಮ್ಮಂದಿರಲ್ಲೊಬ್ಬನಾದ ಎರಾಸ್ಮಸ್ ಡ್ರೈಡನ್ ಒಂದನೆಯ ಜೇಮ್ಸ್ ದೊರೆಯ ಕಾಲದಲ್ಲಿ, ಬಾಯಿ ಕಟ್ಟಿಸಿಕೊಂಡ ಪಾದ್ರಿಗಳ ಪರವಾಗಿ ಬಿನ್ನವತ್ತಳೆಗೆ ಸಹಿ ಹಾಕಿ ಸೆರೆಮನೆ ಸೇರಿದನು. ಈ ಎರಾಸ್ಮಸ್ ಆನ್‌ಳ ಸೋದರಮಾವ. ಅವನ ಮೊಮ್ಮಗನೇ ಇಂಗ್ಲಿಷ್ ಕಾವ್ಯದ ಆಸ್ಥಾನಕವಿಯಾದ ಜಾನ್ ಡ್ರೈಡನ್. ತಾಯಿಯ ಕಡೆಯಿಂದ ಇನ್ನೂ ಮೇಲೇರಿದರೆ ಒಂದನೆಯ ಎಡ್ವರ್ಡ್ ದೊರೆಯವರೆಗೆ ಏಣಿ ಹತ್ತುತ್ತದೆಂದು ವಂಶಶೋಧಕರು ತೋರಿಸಿದ್ದಾರೆ, ಅಮೆರಿಕದ ಎಷ್ಟೋ ಕುಟುಂಬಗಳು ಆ ಏಣಿಯನ್ನು ಹೆಮ್ಮೆಯಿಂದ ಹತ್ತಿವೆ. ನನ್ನ ಮಟ್ಟಿಗೆ, ದೊರೆಯ ರಕ್ತ ಎಷ್ಟು ತೊಟ್ಟು ಹರಿದು ಬಂದಿತೆಂಬುದಕ್ಕಿಂತ, ತಂದೆ, ಸೋದರಮಾವ, ಅಜ್ಜಿಯ ತವರಿನ ಬಂಧು, ಈ ಮೂವರೂ ಮನಸ್ಸಾಕ್ಷಿಗಾಗಿ ಬಾಗಿಲು ಹಾಕಿದ ಕೋಣೆಗಳಲ್ಲಿ ಕುಳಿತವರೆಂಬುದು ಹೆಚ್ಚಿನ ಕುಲೀನತೆಯಾಗಿ ಕಾಣುತ್ತದೆ.

ಗಂಡನ ಮನೆಯದು ಶಾಂತವಾದ ಕಥೆ. ವಿಲಿಯಂನ ಅಜ್ಜ ಜಾನ್ ಹಚಿನ್ಸನ್ ಲಿಂಕನ್ ಪಟ್ಟಣದ ಮೇಯರಾಗಿದ್ದವನು. ತಂದೆ ಎಡ್ವರ್ಡ್ ಆಲ್ಫರ್ಡಿಗೆ ಬಂದು ಜವಳಿ ವ್ಯಾಪಾರ ನಡೆಸಿದನು. ವಿಲಿಯಂ ಸಾತ್ವಿಕ, ಸಿರಿವಂತ, ಹೆಂಡತಿಯ ಮಾತನ್ನು ಆದರಿಸಿದವನು. ಹಗೆಗಳು ಅದನ್ನು ದೌರ್ಬಲ್ಯವೆಂದು ಬರೆದಿದ್ದಾರೆ. ಮುಂದೊಂದು ದಿನ ಧರ್ಮಸಭೆಯವರು ಬಂದು ಹೆಂಡತಿಯನ್ನು ತಿದ್ದೆಂದಾಗ, ತನಗೆ ಸಭೆಯ ನಂಟಿಗಿಂತ ಹೆಂಡತಿಯ ನಂಟೇ ಹತ್ತಿರವೆಂದು ಆತ ಉತ್ತರ ಕೊಟ್ಟನು. ಆ ಒಂದು ಮಾತಿಗಾಗಿ ಆತನ ಮೇಲೆ ನನಗೆ ಬಹಳ ಪ್ರೀತಿ.

ಅವರಿಗೆ ಹದಿನೈದು ಮಕ್ಕಳು. ಹದಿನಾಲ್ವರು ಆಲ್ಫರ್ಡಿನಲ್ಲಿಯೂ ಕಡೆಯವನು ಅಮೆರಿಕದಲ್ಲಿಯೂ ಹುಟ್ಟಿದರು. ಮಕ್ಕಳ ಹೆಸರುಗಳಲ್ಲಿ ತವರು ಇಣುಕುತ್ತದೆ: ಒಬ್ಬಳು ಬ್ರಿಜೆಟ್, ಅಜ್ಜಿಯ ಹೆಸರು, ಒಬ್ಬನು ಫ್ರಾನ್ಸಿಸ್, ತಾತನ ಹೆಸರು, ಒಬ್ಬಳು ಕ್ಯಾಥರೀನ್, ಚಿಕ್ಕಮ್ಮನ ಹೆಸರು. ಫೇತ್, ಎಂದರೆ ವಿಶ್ವಾಸ, ಎಂಬ ಪ್ಯೂರಿಟನ್ ಹೆಸರಿನವಳೂ ಒಬ್ಬಳು. 1630ರ ಶರತ್ಕಾಲದಲ್ಲಿ ಆಲ್ಫರ್ಡಿಗೆ ಪಿಡುಗು ಬಂದಾಗ ಹದಿನಾರರ ಸುಸಾನಳೂ ಎಂಟರ ಎಲಿಜಬೆತ್ತಳೂ ಒಂದು ತಿಂಗಳ ಅಂತರದೊಳಗೆ ಮಣ್ಣು ಸೇರಿದರು. ಮೂರು ವರ್ಷಗಳ ತರುವಾಯ ಹುಟ್ಟಿದ ಹೆಣ್ಣಿಗೆ ಮತ್ತೆ ಸುಸಾನ ಎಂದು ಹೆಸರಿಟ್ಟರು. ಹೀಗೆ ಒಂದೇ ಮನೆಯ ಪಟ್ಟಿಯಲ್ಲಿ ಒಂದೇ ಹೆಸರು ಎರಡು ಸಲ ಬಂದುದನ್ನು ಕಂಡು ಬರವಣಿಗೆಯ ತಪ್ಪೆಂದು ಅಳಿಸಿದ ವಂಶಾವಳಿಗಳುಂಟು. ಅದು ತಪ್ಪಲ್ಲ, ತೀರಿಹೋದ ಮಗಳನ್ನು ತಾಯಿಯೊಬ್ಬಳು ಮತ್ತೆ ಕೂಗಿ ಕರೆದ ರೀತಿ.

ಆಲ್ಫರ್ಡಿನಿಂದ ಇಪ್ಪತ್ತು ಮೈಲಿಗೂ ಮಿಗಿಲಾದ ದೂರದಲ್ಲಿದ್ದ ಬಾಸ್ಟನ್ ಪಟ್ಟಣದ ಸೇಂಟ್ ಬೊಟಾಲ್ಫ್ ಇಗರ್ಜಿಯಲ್ಲಿ ಜಾನ್ ಕಾಟನ್ ಉಪದೇಶ ಮಾಡುತ್ತಿದ್ದನು. ಮನುಷ್ಯನ ಉದ್ಧಾರ ಆತನ ಸತ್ಕ್ರಿಯೆಗಳ ಫಲವಲ್ಲ, ಕೇವಲ ದೇವರ ಕೃಪೆ ಎಂಬ ಆತನ ಬೋಧೆಯನ್ನು ಕೇಳಲು ಆನ್ ಆ ದಾರಿಯನ್ನು ಸವೆಸಿದಳು. ಕಾಟನ್ 1633ರಲ್ಲಿ ಅಧಿಕಾರಿಗಳ ಕೈಗೆ ಸಿಕ್ಕದೆ ಗ್ರಿಫಿನ್ ಎಂಬ ಹಡಗನ್ನೇರಿ ಮ್ಯಾಸಚೂಸೆಟ್ಸಿಗೆ ಹೊರಟಾಗ ಆನ್‌ಳ ಹಿರಿಯ ಮಗ ಎಡ್ವರ್ಡನೂ ಅದರಲ್ಲಿದ್ದನು. ಮರುವರ್ಷ ಅದೇ ಹಡಗಿನಲ್ಲಿ ಆನ್, ವಿಲಿಯಂ ಮತ್ತು ಉಳಿದ ಹತ್ತು ಮಕ್ಕಳು ಪ್ರಯಾಣ ಮಾಡಿ, 1634ರ ಸೆಪ್ಟೆಂಬರ್ 18ರಂದು ಹೊಸ ಬಾಸ್ಟನ್ನಿನಲ್ಲಿ ಇಳಿದರು. ಗವರ್ನರ್ ಜಾನ್ ವಿಂತ್ರಪ್‌ನ ಮನೆಯ ಎದುರಿಗೇ ಅವರು ಮನೆ ಕಟ್ಟಿಕೊಂಡರು.

ಆನ್ ಸೂಲಗಿತ್ತಿಯ ಕೆಲಸ ಬಲ್ಲವಳು. ಹೆರಿಗೆಯ ಕೋಣೆಯಲ್ಲಿ ಹೆಂಗಸರ ಭಯವೂ ಪಾಪಪುಣ್ಯದ ಚಿಂತೆಯೂ ಒಟ್ಟಿಗೆ ಬಾಯಿಬಿಡುತ್ತವೆ. ಆಕೆ ಕೈಗೂ ಮಾತಿಗೂ ಒದಗುವವಳಾದಳು. ಭಾನುವಾರದ ಉಪದೇಶವನ್ನು ಮನೆಯಲ್ಲಿ ಮತ್ತೆ ವಿವರಿಸುವ ಸಭೆ ಹೆಂಗಸರಿಂದ ಮೊದಲಾಗಿ, ಗಂಡಸರೂ ಬರತೊಡಗಿ, ವಾರಕ್ಕೆ ಅರವತ್ತು ಮಂದಿಯನ್ನು ಮೀರಿತು. ಕಾಟನ್ ಮತ್ತು ತನ್ನ ಮೈದುನಿಯ ಗಂಡ ಜಾನ್ ವೀಲ್‌ರೈಟ್ ಇಬ್ಬರನ್ನು ಬಿಟ್ಟು ಆ ಸೀಮೆಯ ಪಾದ್ರಿಗಳು ಕೃಪೆಯ ಒಡಂಬಡಿಕೆಯನ್ನು ಬಿಟ್ಟು ಕ್ರಿಯೆಗಳ ಒಡಂಬಡಿಕೆಯನ್ನು ಬೋಧಿಸುತ್ತಿದ್ದಾರೆಂದು ಆಕೆ ಹೇಳಿದಳೆಂಬ ಸುದ್ದಿ ಹರಡಿತು. ಅಯೋಗ್ಯ ಉಪದೇಶಕರು: ತಂದೆ ಬಿಷಪ್ಪನ ಮುಂದೆ ಹೊರಿಸಿದ ಆರೋಪವೇ ಅದು.

1637ರ ನವೆಂಬರ್ 7, ನ್ಯೂಟೌನ್, ಇಂದಿನ ಕೇಂಬ್ರಿಜ್. ತಂದೆಯ ವಿಚಾರಣೆಗೂ ಇದಕ್ಕೂ ನಡುವೆ ಐವತ್ತೊಂಬತ್ತು ವರ್ಷಗಳು; ತಿಂಗಳು ಅದೇ ನವೆಂಬರು. ಗವರ್ನರ್ ವಿಂತ್ರಪ್ಪನೇ ನ್ಯಾಯಾಧ್ಯಕ್ಷ, ಅವನೇ ಪ್ರಶ್ನಿಸುವವನು. ಸುತ್ತ ನ್ಯಾಯಾಧಿಕಾರಿಗಳು, ಪ್ರತಿನಿಧಿಗಳು, ಪಾದ್ರಿಗಳು. ಎದುರಿಗೆ ನಲವತ್ತಾರು ವರ್ಷದ, ಮತ್ತೆ ಗರ್ಭಿಣಿಯಾಗಿದ್ದ ಹೆಂಗಸು, ವಕೀಲನಿಲ್ಲದೆ, ನಿಂತುಕೊಂಡು. ನಿಂತು ನಿಂತು ಮುಖ ಬಾಡಿ ನಿತ್ರಾಣಳಾದುದು ಕಂಡು ಬಂದಾಗ ಗವರ್ನರನು ಆಕೆಗೆ ಕುಳಿತುಕೊಳ್ಳಲು ಅಪ್ಪಣೆ ಕೊಟ್ಟನೆಂದು ವಿಚಾರಣೆಯ ಬರಹದಲ್ಲಿದೆ. ಈ ಒಂದು ಸಾಲನ್ನು ಓದಿದಾಗ, ಅಲ್ಲಿಯತನಕ ನಾವು ಓದಿದ ಪ್ರಶ್ನೋತ್ತರಗಳೆಲ್ಲ ಆಕೆ ಆ ಸ್ಥಿತಿಯಲ್ಲಿ ನಿಂತು ಕೊಟ್ಟವೆಂಬುದು ಥಟ್ಟನೆ ಅರಿವಾಗುತ್ತದೆ.

ಆ ಪ್ರಶ್ನೋತ್ತರಗಳಲ್ಲಿ ಒಂದು ಎಡೆ ನನ್ನನ್ನು ಬಹುಕಾಲ ಹಿಡಿದು ನಿಲ್ಲಿಸಿದೆ. ತಾನು ಮುರಿದ ಕಟ್ಟಳೆ ಯಾವುದೆಂದು ಆಕೆ ಕೇಳಿದಳು. ಐದನೆಯ ಆಜ್ಞೆ, ಎಂದನು ವಿಂತ್ರಪ್. ತಂದೆತಾಯಿಗಳನ್ನು ಗೌರವಿಸತಕ್ಕದ್ದೆಂಬ ಆಜ್ಞೆ. ರಾಜ್ಯವನ್ನಾಳುವವರು ಪ್ರಜೆಗಳಿಗೆ ತಂದೆಗಳು, ಅವರನ್ನು ಎದುರಿಸಿದವರಿಗೆ ಆಶ್ರಯವಿತ್ತವಳು ಪಿತೃಗಳನ್ನು ಅವಮಾನಿಸಿದಳೆಂಬುದು ಆತನ ತರ್ಕ. ಆಕೆ ಕೂಡಲೆ ಅದನ್ನು ತಿರುಗಿಸಿದಳು: ದೇವರಿಗೂ ತಂದೆತಾಯಿಗಳಿಗೂ ಅಂಜಿ ನಡೆಯುವವಳು ತಾನೆಂದಿಟ್ಟುಕೊಳ್ಳಿ, ದೇವರಿಗೆ ಅಂಜುವ ಇತರರನ್ನು ಆದರಿಸಲು ತಂದೆತಾಯಿಗಳು ಅಪ್ಪಣೆ ಕೊಡದಿದ್ದರೆ ಆದರಿಸಲೇಬಾರದೇ? ವಿಂತ್ರಪ್ಪನು ಬೇರೆ ಪ್ರಶ್ನೆಗೆ ಹೊರಳಿದನು. ತನ್ನ ತಂದೆಯೇ ಆಳುವವರ ಎದುರು ನಿಂತು ಬೈಗಳು ತಿಂದವನೆಂಬುದನ್ನು ಆಕೆ ಅಲ್ಲಿ ಹೇಳಲಿಲ್ಲ. ಆದರೆ ಆ ಆಜ್ಞೆಯನ್ನು ಅಕ್ಷರಶಃ ಪಾಲಿಸುತ್ತಿದ್ದವರು ಆ ಸಭೆಯಲ್ಲಿ ಯಾರಾದರೂ ಇದ್ದರೆ ಅದು ಆಕೆಯೇ. ಫ್ರಾನ್ಸಿಸ್ ಮಾರ್ಬರಿಯ ಮಗಳು ಅಂದು ಮಾಡುತ್ತಿದ್ದುದು ತಂದೆಯ ಕೆಲಸವನ್ನು.

ಮನೆಯಲ್ಲಿ ಬೋಧಿಸಲು ಯಾವ ಆಧಾರವೆಂದರೆ, ವೃದ್ಧೆಯರು ಯೌವನಸ್ಥೆಯರಿಗೆ ಕಲಿಸಲೆಂದು ತೀತನಿಗೆ ಬರೆದ ಪತ್ರಿಕೆಯಲ್ಲಿದೆಯೆಂದಳು. ಸಾಕ್ಷಿ ಹೇಳುವ ಪಾದ್ರಿಗಳು ಪ್ರಮಾಣ ಮಾಡಿ ಹೇಳಲೆಂದು ಪಟ್ಟು ಹಿಡಿದಳು. ಅದು ಅವರನ್ನು ಇಕ್ಕಟ್ಟಿಗೆ ಸಿಕ್ಕಿಸಿತು. ಎರಡನೆಯ ದಿನ ಕಾಟನ್ನನೂ ಆಕೆಗೆ ಅನುಕೂಲವಾಗಿ ನುಡಿದಾಗ ಆರೋಪ ಹೆಚ್ಚುಕಡಿಮೆ ಕುಸಿದಿತ್ತು. ಆಗ, ಯಾರೂ ಬಲಾತ್ಕರಿಸದೆ, ದೇವರು ತನ್ನ ಆತ್ಮಕ್ಕೆ ನೇರವಾಗಿ ಪ್ರಕಟಿಸಿದ ವಾಣಿಯ ಮಾತನ್ನು ಆಕೆ ತಾನಾಗಿಯೇ ತೆಗೆದಳು. ದಾನಿಯೇಲನನ್ನು ಸಿಂಹಗಳ ಗವಿಯಿಂದ ಪಾರುಮಾಡಿದವನು ತನ್ನನ್ನೂ ಪಾರುಮಾಡುವನೆಂದಳು. ಶಾಸ್ತ್ರವನ್ನು ಬಿಟ್ಟು ನೇರ ಪ್ರಕಟನೆಯನ್ನು ಹೇಳಿಕೊಳ್ಳುವುದು ಆ ಸಭೆಯ ದೃಷ್ಟಿಯಲ್ಲಿ ಮಹಾಪರಾಧ. ಜಾಣೆಯಾದವಳು ಹಾಗೇಕೆ ಮಾಡಿದಳೆಂದು ಅನೇಕರು ಕೇಳಿದ್ದಾರೆ. ನನಗೆ ತೋರುವುದು ಇಷ್ಟೆ: ಎರಡು ದಿನ ತರ್ಕದಿಂದ ತನ್ನನ್ನು ಕಾಪಾಡಿಕೊಂಡವಳಿಗೆ, ತರ್ಕದ ಮರೆಯಲ್ಲಿ ತನ್ನ ನಂಬಿಕೆಯನ್ನು ಬಚ್ಚಿಟ್ಟು ಮನೆಗೆ ಹೋಗುವುದು ಸಾಧ್ಯವಾಗಲಿಲ್ಲ. ಗಡೀಪಾರಿನ ತೀರ್ಪಾಯಿತು. ಯಾತಕ್ಕಾಗಿ ಎಂದು ಆಕೆ ಕೇಳಿದಳು. ಯಾತಕ್ಕಾಗಿ ಎಂಬುದು ನ್ಯಾಯಸಭೆಗೆ ಗೊತ್ತು, ಅಷ್ಟು ಸಾಕು ಎಂದನು ಗವರ್ನರ್.

ಚಳಿಗಾಲವೆಲ್ಲ ರಾಕ್ಸ್‌ಬರಿಯ ಒಂದು ಮನೆಯಲ್ಲಿ ಆಕೆಯನ್ನು ಕಾವಲಿನಲ್ಲಿಟ್ಟು, ಮಾರ್ಚಿಯಲ್ಲಿ ಧರ್ಮಸಭೆಯೂ ಬಹಿಷ್ಕಾರ ಹಾಕಿತು. ಆಕೆ ಎದ್ದು ಹೊರಟಾಗ ತರುಣಿ ಮೇರಿ ಡೈಯರ್ ಎದ್ದು ಬಂದು ಜೊತೆಗೆ ನಡೆದಳು. ಮುಂದೆ ಕ್ವೇಕರ್ ಎಂಬ ಧರ್ಮಪಂಥಕ್ಕೆ ಸೇರಿ 1660ರಲ್ಲಿ ಅದೇ ಬಾಸ್ಟನ್ನಿನಲ್ಲಿ ಗಲ್ಲಿಗೇರಿದ ಮೇರಿ ಡೈಯರ್ ಅವಳೇ.

ವಿಲಿಯಂ ಮತ್ತು ಗೆಳೆಯರು ಅಕ್ವಿಡ್ನೆಕ್ ದ್ವೀಪದಲ್ಲಿ, ಇಂದಿನ ರೋಡ್ ಐಲೆಂಡಿನಲ್ಲಿ, ಹೊಸ ಊರು ಕಟ್ಟಿದರು. 1641ರಲ್ಲಿ ಆತ ತೀರಿಕೊಂಡ ಮೇಲೆ, ಮ್ಯಾಸಚೂಸೆಟ್ಸಿನ ಕೈ ಅಲ್ಲಿಗೂ ಚಾಚೀತೆಂಬ ಭಯದಿಂದ ಆನ್ ಚಿಕ್ಕ ಮಕ್ಕಳೊಡನೆ ಡಚ್ಚರ ಸೀಮೆಗೆ, ಈಗಿನ ನ್ಯೂಯಾರ್ಕಿನ ಬ್ರಾಂಕ್ಸ್ ಭಾಗಕ್ಕೆ ಹೋದಳು. 1643ರ ಫೆಬ್ರವರಿಯಲ್ಲಿ ಡಚ್ ಗವರ್ನರ್ ವಿಲೆಮ್ ಕೀಫ್ಟ್‌ನ ಸೈನಿಕರು ರಾತ್ರಿಯ ವೇಳೆ ಅಲ್ಲಿಯ ಮೂಲನಿವಾಸಿಗಳ ಬಿಡಾರಗಳ ಮೇಲೆ ಬಿದ್ದು ಹೆಂಗಸರು ಮಕ್ಕಳೆನ್ನದೆ ಕೊಂದರು. ಅದರ ಸೇಡು ಆ ವರ್ಷದ ಬೇಸಗೆಯಲ್ಲಿ ಒಂಟಿಮನೆಗಳ ಮೇಲೆ ತಿರುಗಿತು. ಆನ್ ಮತ್ತು ಜೊತೆಯಲ್ಲಿದ್ದ ಮಕ್ಕಳು ಸಿವನೊಯ್ ಜನರ ಕೈಯಲ್ಲಿ ಹತರಾದರು. ಆಕೆ ಯಾರ ಮೇಲೂ ಆಯುಧವೆತ್ತಿದವಳಲ್ಲ, ಅವರ ಬಿಡಾರಗಳನ್ನು ಸುಟ್ಟವರು ಬೇರೆ. ಒಂಬತ್ತು ವರ್ಷದ ಸುಸಾನ, ಆ ಎರಡನೆಯ ಸುಸಾನ, ಒಬ್ಬಳೇ ಬದುಕಿ ಅವರೊಡನೆ ಬೆಳೆದಳು. ಕೆಲವು ವರ್ಷಗಳ ಮೇಲೆ ಆಕೆಯನ್ನು ಬಿಡಿಸಿ ತಂದಾಗ ಆಕೆ ತನ್ನ ಭಾಷೆಯನ್ನು ಮರೆತಿದ್ದಳು, ಸಾಕಿದವರನ್ನು ಬಿಟ್ಟು ಬರಲು ಒಲ್ಲೆನೆನ್ನುತ್ತಿದ್ದಳು. ಇದನ್ನು ತನ್ನ ದಿನಚರಿಯಲ್ಲಿ ಬರೆದಿಟ್ಟವನು ವಿಂತ್ರಪ್ಪನೇ. 1651ರ ಡಿಸೆಂಬರಿನಲ್ಲಿ ಆಕೆ ಬಾಸ್ಟನ್ನಿನಲ್ಲಿ ಜಾನ್ ಕೋಲ್ ಎಂಬಾತನನ್ನು ಮದುವೆಯಾದಳು.

ಮನೆತನದ ಧಾತು ಅಳಿಯಲಿಲ್ಲ. ಆನ್‌ಳ ತಂಗಿ ಕ್ಯಾಥರೀನ್ ಸ್ಕಾಟ್, ಕ್ವೇಕರರ ಕಿವಿ ಕತ್ತರಿಸಿದುದನ್ನು ಪ್ರತಿಭಟಿಸಲು 1658ರಲ್ಲಿ ಬಾಸ್ಟನ್ನಿಗೆ ಹೋಗಿ ಗಂಟುಹಾಕಿದ ಚಾವಟಿಯಿಂದ ಹತ್ತು ಏಟು ತಿಂದಳು. ಅದೇ ವರ್ಷ ಕ್ವೇಕರರಿಗೆ ಮರಣದಂಡನೆ ವಿಧಿಸುವ ಕಾಯಿದೆ ಬಂದಾಗ, ತನ್ನ ಭಿನ್ನಾಭಿಪ್ರಾಯವನ್ನು ದಾಖಲೆ ಮಾಡಿರೆಂದು ಒತ್ತಾಯಿಸಿದ ಇಬ್ಬರು ಪ್ರತಿನಿಧಿಗಳಲ್ಲಿ ಹಿರಿಯ ಮಗ ಎಡ್ವರ್ಡ್ ಒಬ್ಬನು. ಸಂತತಿ ಹಬ್ಬಿ, ಫ್ರಾಂಕ್ಲಿನ್ ರೂಸ್‌ವೆಲ್ಟ್‌ನೂ ತಂದೆಮಗ ಬುಷ್ಷರಿಬ್ಬರೂ ಆ ಬಳ್ಳಿಯಲ್ಲಿಯೇ ಬಂದರು. ಬಾಸ್ಟನ್ನಿನ ರಾಜ್ಯಭವನದ ಮುಂದೆ ಸೈರಸ್ ಡಾಲಿನ್ ಕಡೆದ ಆಕೆಯ ಕಂಚಿನ ವಿಗ್ರಹವಿದೆ, ಪಕ್ಕದಲ್ಲಿ ಪುಟ್ಟ ಸುಸಾನ. ಪೀಠದ ಬರಹದಲ್ಲಿ ಆನ್ ಮಾರ್ಬರಿ ಹಚಿನ್ಸನ್ ಎಂದು ತವರಿನ ಹೆಸರೂ ಸೇರಿದೆ, ಆಲ್ಫರ್ಡಿನ ದೀಕ್ಷಾಸ್ನಾನದ ದಿನವೂ ಇದೆ. 1987ರಲ್ಲಿ ಗವರ್ನರ್ ಮೈಕೇಲ್ ಡುಕಾಕಿಸ್ ಆ ಗಡೀಪಾರನ್ನು ರದ್ದುಮಾಡಿದನು.

ಇಷ್ಟನ್ನು ನಾವು ಬಲ್ಲೆವೆಂದರೆ, ಆ ನವೆಂಬರಿನ ಎರಡು ದಿನಗಳ ಮಾತುಕತೆಯ ಹಳೆಯ ಕೈಬರಹವೊಂದು ಎಡ್ವರ್ಡನ ಮರಿಮಗನ ಕೈಗೆ ಬಂದು ಉಳಿದುದರಿಂದ. ಆನ್‌ಳ ಗಿರಿಮಗನಾದ ಆ ಥಾಮಸ್ ಹಚಿನ್ಸನ್ ಮ್ಯಾಸಚೂಸೆಟ್ಸಿನ ಚರಿತ್ರಕಾರ. ಬ್ರಿಟಿಷ್ ಸರ್ಕಾರದ ಪರವಾಗಿ ನಿಂತ ಅಧಿಕಾರಿ. ಕಾಗದಪತ್ರಗಳಿಗೆಲ್ಲ ಮುದ್ರೆಯ ಸುಂಕ ಹೇರಿದ ಕಾಯಿದೆಯ ಮೇಲಿನ ರೋಷದಲ್ಲಿ, 1765ರ ಆಗಸ್ಟ್ 26ರ ರಾತ್ರಿ ಜನಸಮೂಹ ಆತನ ಮನೆಯನ್ನು ಒಡೆದು, ವರ್ಷಗಟ್ಟಲೆ ಕೂಡಿಟ್ಟ ಹಳೆಯ ಬರಹಗಳನ್ನೂ ಅಚ್ಚಿಗೆ ಸಿದ್ಧವಾಗುತ್ತಿದ್ದ ಚರಿತ್ರೆಯ ಎರಡನೆಯ ಸಂಪುಟದ ಹಸ್ತಪ್ರತಿಯನ್ನೂ ಬೀದಿಗೆ ಚೆಲ್ಲಿತು. ನೆರೆಯ ಪಾದ್ರಿ ಆಂಡ್ರೂ ಎಲಿಯಟ್ ಕೆಸರಿನಿಂದ ಹಾಳೆಗಳನ್ನು ಒಂದೊಂದಾಗಿ ಆಯ್ದು ಕೊಟ್ಟನು. ಆ ಕೆಸರಿನ ಕಲೆ ಅವುಗಳ ಮೇಲೆ ಇನ್ನೂ ಇದೆ. 1767ರಲ್ಲಿ ಸಂಪುಟ ಹೊರಬಂದಾಗ ಅದರ ಕೊನೆಯಲ್ಲಿ ಅನುಬಂಧವಾಗಿ ಅಜ್ಜಿಯ ವಿಚಾರಣೆ ಅಚ್ಚಾಗಿತ್ತು: ನಿಂತದ್ದು, ಕುಳಿತದ್ದು, ಕೇಳಿದ್ದು, ಉತ್ತರ ಕೊಟ್ಟದ್ದು.

ಮುಂದೆ ಗವರ್ನರನೂ ಆದ ಥಾಮಸ್ 1774ರ ಜೂನ್ 1ರಂದು ಬಾಸ್ಟನ್ನನ್ನು ಬಿಟ್ಟು ಇಂಗ್ಲೆಂಡಿಗೆ ಹಡಗು ಹತ್ತಿದನು. ಕೆಲವು ತಿಂಗಳಲ್ಲಿ ಹಿಂದಿರುಗುವೆನೆಂದುಕೊಂಡಿದ್ದವನಿಗೆ ಯುದ್ಧ ಆ ದಾರಿಯನ್ನು ಮುಚ್ಚಿತು. ಹುಟ್ಟಿದ ನೆಲದಲ್ಲಿ ಹೂಳಿಸಿಕೊಳ್ಳಬೇಕೆಂದು ಹಂಬಲಿಸುತ್ತಲೇ ಆತನು 1780ರ ಜೂನಿನಲ್ಲಿ ಲಂಡನ್ನಿನಲ್ಲಿ ಪ್ರಾಣಬಿಟ್ಟನು. ಕ್ರಾಯ್ಡನ್ನಿನ ಇಗರ್ಜಿಯಲ್ಲಿ ಆತನನ್ನು ಮಣ್ಣು ಮಾಡಿದರು.